ಊಷರೋಪಮಾನದ ಔಚಿತ್ಯವಿಚಾರ

ಧರ್ಮಾರ್ಥಗಳೂ ಶುಶ್ರೂಷೆಯೂ ಇಲ್ಲದೆಡೆಯಲ್ಲಿ ವಿದ್ಯೆಯನ್ನು ಬಿತ್ತಲಾಗದು, ಅದು ಊಷರಭೂಮಿಯಲ್ಲಿ ಒಳ್ಳೆಯ ಬೀಜವನ್ನು ಬಿತ್ತಿದಂತೆ ಎಂಬ ಉಪಮಾನವು ಮನುಸ್ಮೃತಿಯ ದ್ವಿತೀಯಾಧ್ಯಾಯದಲ್ಲಿ ಕಾಣಬರುತ್ತದೆ. ಕಾಲಕ್ರಮದಲ್ಲಿ ಬೀಜದ ಮಾತು ಮರೆಯಾಗಿ, ಕೇವಲ 'ಊಷರ'ವೆಂದರೆ ನಿರ್ಜೀವವೆಂಬ ಅರ್ಥವು ರೂಢವಾಯಿತು. 'ಊಷರಹೃದಯ', 'ಊಷರಜೀವನ' ಎಂಬ ಪ್ರಯೋಗಗಳಿಗೆ ಈ ರೂಢಿಯೇ ಆಧಾರ. ಇದು ಶಬ್ದಕ್ಕೆ ಸಹಜವೋ, ಲೋಕದಲ್ಲಿ ಸತ್ಯವೋ ಎಂಬುದು ವಿಚಾರಣೀಯವಾಗಿದೆ.

ಮೊದಲು ಶಬ್ದವಿಚಾರ. ಅಮರಸಿಂಹನು ಭೂಮಿವರ್ಗದಲ್ಲಿ 'ಊಷ'ಕ್ಕೆ ಕ್ಷಾರಯುಕ್ತವಾದ ಮಣ್ಣೆಂದು ಅರ್ಥಹೇಳುತ್ತಾನೆ. ಪಾಣಿನಿಯ ಮತದಂತೆ ಆ ಶಬ್ದಕ್ಕೆ ಮತ್ವರ್ಥದಲ್ಲಿ 'ರ' ಪ್ರತ್ಯಯವು ಬಂದು 'ಊಷರ'ವೆಂದಾಗುವುದು. ಆದುದರಿಂದ ಉಪ್ಪುಮಣ್ಣುಳ್ಳದ್ದೆಂಬುದೇ ವಾಚ್ಯಾರ್ಥ. ಕನ್ನಡಿಗರು ಸವುಳು, ಚೌಳು ಎಂದು ಕರೆಯುವ ನೆಲವೇ ಇದು. ನಿರ್ಜೀವತ್ವವು ಲಕ್ಷಣೆಯಿಂದ ಬಂದದ್ದು. ಶತಪಥಬ್ರಾಹ್ಮಣದ ದ್ವಿತೀಯಕಾಂಡದಲ್ಲಂತೂ ಅಗ್ನ್ಯಾಧಾನದ ಸಂಭಾರಗಳಲ್ಲೊಂದಾದ ಊಷವನ್ನು ಪಶುಗಳೆಂದೇ ಸ್ತುತಿಸಿ, ಉಪ್ಪುನೆಲವು ಪಶುಗಳಿಗೆ ಹಿತವೆಂಬ ಲೋಕವಾದವನ್ನೂ ಹೇಳಿದೆ. ಶ್ರುತಿಗೆ ಸಮೃದ್ಧಿಯಾಗಿ ತೋರಿದುದು ಸ್ಮೃತಿಗೆ ನಿಷ್ಫಲವಾಗಿ ತೋರಿತು. ಒಂದು ಗೋಪಾಲಕನ ದೃಷ್ಟಿ, ಇನ್ನೊಂದು ಕೃಷಿಕನ ದೃಷ್ಟಿ.

ಇನ್ನು ಲೋಕವಿಚಾರ. ರಾಜಸ್ಥಾನದ ಸಾಂಭರ ಸರೋವರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. 1990ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಲವಣಕ್ಷೇತ್ರವು ಮಳೆಗಾಲದಲ್ಲಿ ತುಂಬಿ, ಬೇಸಗೆಯಲ್ಲಿ ಉಪ್ಪಿನ ಹೆಪ್ಪಾಗುವುದು. ಅದರ ನೀರು ಗಟ್ಟಿಯಾದಂತೆ ಕೆಂಬಣ್ಣ ತಾಳುವುದುಂಟು. ಅಂತಹ ಬಣ್ಣಕ್ಕೆ ಮುಖ್ಯ ಕಾರಣ ಲವಣಪ್ರಿಯವಾದ ಸೂಕ್ಷ್ಮಜೀವಿಗಳು. ಇವುಗಳಲ್ಲಿ ಹಲವು ಆರ್ಕಿಯಾ ವರ್ಗದವು. ಈ ವರ್ಗವು ಬ್ಯಾಕ್ಟೀರಿಯಗಳಿಂದ ಭಿನ್ನವೆಂದು 1977ರಲ್ಲಿ ಕಾರ್ಲ್ ವೋಸ್, ಜಾರ್ಜ್ ಫಾಕ್ಸ್ ಎಂಬ ವಿದ್ವಾಂಸರು ತೋರಿಸಿದರು. ಸಮುದ್ರದಲ್ಲಿ ಉಪ್ಪು ನೂರಕ್ಕೆ ಸುಮಾರು 3.5 ಭಾಗ. ಈ ಜೀವಿಗಳಲ್ಲಿ ಅನೇಕವು ನೂರಕ್ಕೆ 20 ಭಾಗ ಉಪ್ಪಿದ್ದಲ್ಲಿಯೇ ಸುಖವಾಗಿ ಬೆಳೆಯುವುವು. ಹೊರಗಿನ ಉಪ್ಪಿಗೆ ಸಮವಾಗಿ ಪೊಟ್ಯಾಸಿಯಂ ಲವಣವನ್ನು ಒಡಲಲ್ಲಿ ಧರಿಸಿ ಅವು ಬಾಳುವುವು. ಸಿಹಿನೀರಿಗೆ ಹಾಕಿದರೆ ಒಡೆದು ಸಾಯುವುವು. ಅವುಗಳಿಗೆ ಉರ್ವರೆಯೇ ಊಷರ!

ಇಂತಹ ಉಪ್ಪುಕೆಸರಿನಲ್ಲಿ ವರ್ಣಭೇದದಿಂದ ಸ್ತರಗಳು ಕಾಣಿಸುವುದುಂಟು. ಮೇಲೆ ಬೆಳಕನ್ನುಣ್ಣುವ ಹಸುರು ಸಯನೋಬ್ಯಾಕ್ಟೀರಿಯಗಳು, ಅದರ ಕೆಳಗೆ ನೇರಳೆಬಣ್ಣದ ಗಂಧಕಜೀವಿಗಳು, ಅದಕ್ಕೂ ಕೆಳಗೆ ಗಾಳಿಯಿಲ್ಲದ ಕರಿಮಣ್ಣಿನಲ್ಲಿ ಸಲ್ಫೇಟಿನಿಂದ ಉಸಿರಾಡುವ ಜೀವಿಗಳು. ಕೆಳಗಿನವರು ಬಿಟ್ಟ ಗಂಧಕಾನಿಲವು ನಡುವಿನವರಿಗೆ ಉಪಜೀವನ. ಮೇಲಿನವರ ಶೇಷವು ಕೆಳಗಿನವರಿಗೆ ಆಹಾರ.

ಕವಿಯು ಭೂಶಾಸ್ತ್ರವನ್ನು ಬೋಧಿಸುವವನಲ್ಲ, ಉಪಮಾನದಲ್ಲಿ ಸಾಧಾರಣಧರ್ಮವೊಂದು ಸಿದ್ಧಿಸಿದರೆ ಸಾಕು ಎಂದು ಪೂರ್ವಪಕ್ಷಿಯು ಹೇಳಬಹುದು. ಇದು ಅಂಗೀಕಾರ್ಯವೇ. ಮನುವು ಬೀಜವನ್ನು ಹೆಸರಿಸಿರುವುದರಿಂದ ಅವನ ಉಪಮಾನವು ನಿರ್ದುಷ್ಟ. ಮೊಳೆಯದಿರುವುದು ಬೀಜದ ಮಾತು, ನೆಲದ ಮಾತಲ್ಲ. ಅಲ್ಲಿಯೂ ಬೀಜಭೇದವನ್ನು ಮರೆಯಲಾಗದು. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಗಜನಿ ಭೂಮಿಯಲ್ಲಿ ಅಘನಾಶಿನಿಯ ಉಪ್ಪುನೀರನ್ನು ಸಹಿಸಿ ಕಗ್ಗ ಭತ್ತವು ಬೆಳೆಯುತ್ತದೆ. ಬೀಜವನ್ನು ಕೈಬಿಟ್ಟು ನೆಲವನ್ನೇ ಮೃತವೆಂದ ಅನಂತರದ ರೂಢಿಯಲ್ಲಿ ಮಾತ್ರ ಅನೌಚಿತ್ಯವು ಸ್ಪಷ್ಟ. ಹಾಗೆಂದು ಶ್ರುತಿಯು ಸೂಕ್ಷ್ಮಜೀವಿಗಳನ್ನು ಬಲ್ಲದೆಂದು ಸಾಧಿಸಹೊರಡುವುದೂ ಯುಕ್ತವಲ್ಲ. ಶ್ರುತಿಯು ಹೇಳಿದುದು ಪಶುಗಳ ವಿಷಯ, ಅಷ್ಟೇ.

ಇದು ಶಬ್ದಮಾತ್ರದ ಕಲಹವೆಂದು ತಿಳಿಯಲಾಗದು. ನಿಷ್ಫಲವೆಂದು ಹೆಸರಾದ ನೆಲವನ್ನು ಕೆಡಿಸಲು ಯಾರೂ ಹಿಂಜರಿಯರು. ಸಾಂಭರದ ಸೂಕ್ಷ್ಮಜೀವಿಗಳನ್ನು ನಂಬಿ ರಾಜಹಂಸಗಳು ಅಲ್ಲಿಗೆ ಬರುವುವು. 2019ರ ನವೆಂಬರಿನಲ್ಲಿ ಅದೇ ಸರೋವರದಲ್ಲಿ ಸಾವಿರಾರು ವಲಸೆಹಕ್ಕಿಗಳು ಸತ್ತುವು. ಬ್ಯಾಕ್ಟೀರಿಯವೊಂದರ ವಿಷದಿಂದುಂಟಾಗುವ ಬೊಟುಲಿಸಂ ರೋಗವೇ ಕಾರಣವೆಂದು ಪರೀಕ್ಷೆಯಿಂದ ನಿರ್ಣಯವಾಯಿತು. ಆ ಕೆಸರು ಪೋಷಿಸಲೂ ಬಲ್ಲದು, ಕೊಲ್ಲಲೂ ಬಲ್ಲದು. ಅದನ್ನು ನಿರ್ಜೀವವೆಂದು ಬಗೆದವನು ಎರಡನ್ನೂ ಕಾಣಲಾರನು. ಆದಕಾರಣ ಅಧ್ಯಾಪಕರು 'ಊಷರ'ಕ್ಕೆ 'ಬರಡು' ಎಂದಷ್ಟೇ ಅರ್ಥಹೇಳದೆ, 'ಉಪ್ಪುಮಣ್ಣಿನ ನೆಲ' ಎಂದು ವಾಚ್ಯಾರ್ಥವನ್ನು ಮೊದಲು ತಿಳಿಸಿ, ಯಾರ ಬೀಜಕ್ಕೆ ಅದು ಬರಡೆಂಬುದನ್ನು ಅನಂತರ ವಿವರಿಸುವುದು ಯುಕ್ತ.