ಫ್ರೀ ಇದ್ದೀರಾ?

ಇಂಗ್ಲಿಷ್ ಕಲಿಯದವರ ಬಾಯಲ್ಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಪದಗಳಲ್ಲಿ 'ಫ್ರೀ'ಗೆ ಮೊದಲ ಸಾಲಿನಲ್ಲೇ ಜಾಗ. ಕೆಲಸವಿಲ್ಲದೆ ಕೂತವರು ಫ್ರೀ. ಸೋಪಿನ ಪುಡಿಯ ಜೊತೆ ಬರುವ ಬಕೆಟ್ಟು ಫ್ರೀ. ಹೊಸ ಸೊಸೆ ಸಂಕೋಚಪಡದೆ ಮಾತಾಡಿದರೆ 'ಪರವಾಗಿಲ್ಲ, ಹುಡುಗಿ ಫ್ರೀಯಾಗಿದ್ದಾಳೆ'. ಅವಳೇ ಇನ್ನೆರಡು ಮಾತು ಹೆಚ್ಚಿಗೆ ಆಡಿದರೆ 'ಯಾಕೋ ಸ್ವಲ್ಪ ಜಾಸ್ತೀನೇ ಫ್ರೀ!' ಒಂದೇ ಪದ ಹೊಗಳಿಕೆಯಿಂದ ಬೈಗುಳಕ್ಕೆ ಹೀಗೆ ಜಾರಿಬಿಡುವುದನ್ನು ಹೆಂಗಸರಾದ ನಾವು ಚೆನ್ನಾಗಿ ಬಲ್ಲೆವು.

ನಮ್ಮ ಕನ್ನಡದಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಮಾತುಗಳಿದ್ದವು, ಈಗಲೂ ಇವೆ. ಹೊತ್ತಿಗೆ ಬಿಡುವು, ವಸ್ತುವಿಗೆ ಪುಕ್ಕಟೆ ಅಥವಾ ಉಚಿತ, ನಡವಳಿಕೆಗೆ ಸಲಿಗೆ, ಬದುಕಿಗೆ ಸ್ವಾತಂತ್ರ್ಯ. ಇವು ನಾಲ್ಕೂ ಬೇರೆ ಬೇರೆ ಡಬ್ಬಿಗಳು. ಸಾಸಿವೆ, ಜೀರಿಗೆ, ಮೆಂತ್ಯ, ಗಸಗಸೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು 'ಫ್ರೀ' ಎಂದು ಚೀಟಿ ಅಂಟಿಸಿದ್ದೇವೆ. ಒಗ್ಗರಣೆಗೆ ಕೈ ಹಾಕಿದಾಗ ಏನು ಸಿಗುತ್ತದೋ ದೇವರೇ ಬಲ್ಲ.

ಹಾಗೆಂದು ಆ ಪದವನ್ನೇ ಹಳಿಯಬೇಕಾಗಿಲ್ಲ. ಅದರ ಹುಟ್ಟು ಬಹಳ ಸೊಗಸಾದದ್ದು. ಭಾಷಾಶಾಸ್ತ್ರದವರು ಹೇಳುವಂತೆ ಇಂಗ್ಲಿಷಿನ 'ಫ್ರೀ' ನಮ್ಮ ಸಂಸ್ಕೃತದ 'ಪ್ರಿಯ' ಶಬ್ದಕ್ಕೆ ಒಡಹುಟ್ಟು. ಸಂಸ್ಕೃತದ ಪಕಾರ ಆ ಕಡೆಯ ಭಾಷೆಗಳಲ್ಲಿ ಫಕಾರವಾಗುತ್ತದೆ. ಪಿತೃ ಫಾದರ್ ಆದ, ಪಾದ ಫುಟ್ ಆಯಿತು, ಹಾಗೆಯೇ ಇದೂ. ಹಿಂದಿನ ಕಾಲದ ಮನೆಗಳಲ್ಲಿ ಎರಡು ಬಗೆಯ ಜನರಿದ್ದರು. ರಕ್ತಸಂಬಂಧದವರು, ಅಂದರೆ ಪ್ರೀತಿಪಾತ್ರರು, ಒಂದು ಕಡೆ. ಗುಲಾಮರು ಇನ್ನೊಂದು ಕಡೆ. ಪ್ರೀತಿಪಾತ್ರರನ್ನು ಹೇಳುತ್ತಿದ್ದ ಮಾತೇ ಬರಬರುತ್ತ 'ಗುಲಾಮರಲ್ಲದವರು' ಎಂಬ ಅರ್ಥಕ್ಕೆ ನಿಂತಿತೆಂದು ವಿದ್ವಾಂಸರ ವಿವರಣೆ. ಗೆಳೆಯರನ್ನು ಹೇಳುವ 'ಫ್ರೆಂಡ್' ಕೂಡ ಅದೇ ಬಳ್ಳಿಯ ಕಾಯಿ. ಅಷ್ಟೇ ಅಲ್ಲ, ಉತ್ತರ ಯೂರೋಪಿನವರ ದೇವತೆ ಫ್ರಿಗ್ ಎಂಬಾಕೆಯ ಹೆಸರೂ ಅದೇ ಮೂಲದ್ದು; ಅವಳ ವಾರವೇ 'ಫ್ರೈಡೇ', ನಮ್ಮ ಲಕ್ಷ್ಮೀಪೂಜೆಯ ಶುಕ್ರವಾರ! ಕಾಸಿಲ್ಲದೆ ಸಿಗುವುದು ಎಂಬ ಅರ್ಥ ಈ ಪದಕ್ಕೆ ಅಂಟಿಕೊಂಡದ್ದು ಎಷ್ಟೋ ಶತಮಾನಗಳ ಮೇಲೆ.

ಇನ್ನು ನಮ್ಮ 'ಬಿಟ್ಟಿ'ಯನ್ನು ನೋಡಿ. ಇದು 'ಬಿಟ್ಟು'ವಿನಿಂದ ಬಂದದ್ದೆಂದು ಕಿವಿಗೆ ತೋರುತ್ತದೆ, ಆದರೆ ಮೂಲ ಸಂಸ್ಕೃತದ 'ವಿಷ್ಟಿ'. ಕೂಲಿಯಿಲ್ಲದೆ ಒತ್ತಾಯಕ್ಕೆ ದುಡಿಯುವುದು ಎಂದು ಅದರ ಅರ್ಥ. ನಮ್ಮ ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಇದೇ. 'ಬಿಟ್ಟಿ ಚಾಕರಿ' ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಪಡೆಯುವವರಿಗೆ ಬಿಟ್ಟಿಯಾದದ್ದನ್ನು ಯಾರೋ ಒಬ್ಬರು ಬೆನ್ನು ಬಗ್ಗಿಸಿ ದುಡಿದಿರುತ್ತಾರೆ ಎಂಬುದನ್ನು ಈ ಪದ ಮರೆಯಗೊಡುವುದಿಲ್ಲ. 'ಉಚಿತ'ದ ಕಥೆಯೇ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ಸರಿಯಾದದ್ದು, ತಕ್ಕದ್ದು ಎಂದೇ ಅರ್ಥ. ಕಾಸಿನ ಮಾತೇ ಅಲ್ಲಿಲ್ಲ.

ಈ ಲೆಕ್ಕಾಚಾರವೆಲ್ಲ ಪಂಡಿತರಿಗಿರಲಿ ಎನ್ನಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್ ಸಿಕ್ಕಿದ ಮೇಲೆ ಇದು ಬೀದಿಯ ಮಾತಾಗಿದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಬಸ್ಸು ತಾಂಡವಪುರದಲ್ಲಿ ನಿಂತಾಗ ಹತ್ತುವವರಲ್ಲಿ ಅರ್ಧಕ್ಕರ್ಧ ಹೆಂಗಸರು. ಕಾರ್ಖಾನೆಗೆ ಹೋಗುವವರು, ಕಾಲೇಜಿನ ಹುಡುಗಿಯರು, ಶ್ರೀಕಂಠೇಶ್ವರನ ದರ್ಶನಕ್ಕೆ ಹೊರಟ ಅಜ್ಜಿಯರು. ಒಮ್ಮೆ ಒಬ್ಬ ಯಜಮಾನರು ಗೊಣಗಿದರು, 'ಫ್ರೀ ಅಂತ ಹತ್ತಿಬಿಡ್ತಾರೆ, ಇವರಿಗೇನು ಮನೇಲಿ ಕೆಲಸ ಇಲ್ವಾ?' ಊಟದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸು ತಿರುಗಿ ನೋಡಿ, 'ನಾನೂ ಕೆಲ್ಸಕ್ಕೇ ಹೋಯ್ತಿರದು ಕಣಪ್ಪ. ಬಸ್ಸು ಪ್ರೀ ಅಂದ್ರೆ ನಾನೂ ಪ್ರೀ ಅಂದ್ಕಂಡಾ?' ಎಂದಳು. ಅವಳ ಬಾಯಲ್ಲಿ ಫಕಾರ ಮತ್ತೆ ಪಕಾರವಾಗಿತ್ತು. ಪದ ತನ್ನ ತವರಿನ ಉಚ್ಚಾರಕ್ಕೆ ಮರಳಿತ್ತು. ಅವಳ ಟಿಕೆಟ್ಟಿನ ಹಣವನ್ನು ನಿಗಮಕ್ಕೆ ತುಂಬಿಕೊಡಬೇಕಾದದ್ದು ಸರ್ಕಾರ. ಆ ಸರ್ಕಾರದ ಬೊಕ್ಕಸಕ್ಕೆ ಅವಳು ಕೊಳ್ಳುವ ಸೋಪು, ಹಲ್ಲುಪುಡಿಯ ತೆರಿಗೆಯೂ ಸೇರಿದೆ. ಇದನ್ನು ಬಿಟ್ಟಿ ಎನ್ನಬೇಕೋ ಉಚಿತ, ಅಂದರೆ ತಕ್ಕದ್ದು, ಎನ್ನಬೇಕೋ ನೀವೇ ಹೇಳಿ.

ನಿಜವಾದ ಬಿಟ್ಟಿ ಇರುವುದು ಬಸ್ಸಿನಲ್ಲಲ್ಲ, ಮನೆಯೊಳಗೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆಂದು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಹತ್ತಿರಹತ್ತಿರ ಐದು ಗಂಟೆ! ಇಷ್ಟು ದುಡಿದವಳನ್ನೇ ಫೋನಿನಲ್ಲಿ ಕೇಳುತ್ತಾರೆ, 'ಮನೇಲೇ ಇರ್ತೀರಲ್ಲ, ಫ್ರೀ ತಾನೆ?' ಈ ಪ್ರಶ್ನೆಯಲ್ಲಿ ಕಪಟವೇನೂ ಇರಲಾರದು, ಆದರೆ ಡಬ್ಬಿಗಳು ಕಲಸಿಹೋಗಿವೆ. ಅವಳ ಕೆಲಸಕ್ಕೆ ಕಾಸಿಲ್ಲ, ಆದ್ದರಿಂದ ಅವಳ ಹೊತ್ತಿಗೂ ಬೆಲೆಯಿಲ್ಲ ಎಂಬ ಲೆಕ್ಕ ಒಂದು ಪದದ ಮರೆಯಲ್ಲಿ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ.

ಆದ್ದರಿಂದ ನನಗೆ 'ಬಿಡುವು' ಎಂಬ ಮಾತಿನ ಮೇಲೆ ಹೆಚ್ಚು ಅಕ್ಕರೆ. 'ಬಿಡುವಿದೆಯಾ?' ಎಂದು ಕೇಳುವವರು, ಕೈಯಲ್ಲಿ ಏನೋ ಕೆಲಸವಿದೆ, ಅದನ್ನು ಬಿಡಲಾದೀತೇ ಎಂದು ಕೇಳಿದಂತೆ. ಕೆಲಸವನ್ನು ಒಪ್ಪಿಕೊಂಡ ಮೇಲಿನ ಪ್ರಶ್ನೆ ಅದು. ಇನ್ನೊಂದು ವಿಷಯವೆಂದರೆ ಬಿಡುವು, ಬಿಡುಗಡೆ ಎರಡೂ ಒಂದೇ 'ಬಿಡು' ಧಾತುವಿನ ಮಕ್ಕಳು. ದಿನಕ್ಕೆ ಒಂದು ಗಂಟೆ ಬಿಡುವಿಲ್ಲದವಳಿಗೆ ಬಿಡುಗಡೆಯ ಭಾಷಣ ಮಾಡಿ ಏನು ಪ್ರಯೋಜನ? ಮುಂದಿನ ಸಲ ಯಾರಾದರೂ 'ಫ್ರೀ ಇದ್ದೀರಾ?' ಎಂದರೆ, ಬೇಳೆ ಬೇಯಲು ಇನ್ನೂ ಎರಡು ವಿಸಿಲ್ ಆಗಬೇಕು, ಆಮೇಲೆ ಬಿಡುವು ಮಾಡಿಕೊಳ್ಳುತ್ತೇನೆ ಎಂದು ಹೇಳಿ ನೋಡಿ.