ಕನಸಿನ ಮೃಗಗಳು ಮತ್ತು ಅರ್ಥ ಹೇಳುವವರು

ಕನಸಿನಲ್ಲಿ ಆನೆ ಕಂಡರೆ ಐಶ್ವರ್ಯ, ಹಾವು ಕಚ್ಚಿದರೆ ಧನಲಾಭ, ಹುಲಿ ಬೆನ್ನಟ್ಟಿದರೆ ಶತ್ರುಭಯ ಎಂಬ ಮಾತುಗಳನ್ನು ಸೊಲ್ಲಾಪುರ, ಅಕ್ಕಲಕೋಟ ಭಾಗದ ಕನ್ನಡ ಮನೆಗಳಲ್ಲಿ ಕೇಳದವರು ವಿರಳ. ಪಕ್ಕದ ಮರಾಠಿ ಮನೆಗಳಲ್ಲಿಯೂ ಇವೇ ಮಾತುಗಳು ಮರಾಠಿಯಲ್ಲಿ ಸಲ್ಲುತ್ತವೆ. ಜಾತ್ರೆಯ ಪುಸ್ತಕದಂಗಡಿಗಳಲ್ಲಿ ಸ್ವಪ್ನಫಲದ ಕಿರುಹೊತ್ತಿಗೆಗಳು ಇಂದಿಗೂ ಬಿಕರಿಯಾಗುತ್ತವೆ. ಇವನ್ನು ಮೂಢನಂಬಿಕೆಯೆಂದು ನಕ್ಕು ಬಿಡುವವರಿದ್ದಾರೆ; ನಂಬಿ ಹಣ ತೆರುವವರೂ ಇದ್ದಾರೆ. ನಾವು ಇಲ್ಲಿ ಈ ಎರಡು ಪಕ್ಷಗಳನ್ನೂ ಸ್ವಲ್ಪ ಬದಿಗಿರಿಸಿ, ಕನಸಿನ ಮೃಗಗಳನ್ನು ನಮ್ಮ ಕಾವ್ಯಪರಂಪರೆಯು ಹೇಗೆ ಓದಿದೆ ಎಂಬುದನ್ನು ವಿಚಾರಿಸಬಯಸುತ್ತೇವೆ.

ಮೊದಲಿಗೆ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮದು ಬಯಲುಸೀಮೆ. ಸೊಲ್ಲಾಪುರಕ್ಕೆ ಸಮೀಪದ ನಾನ್ನಜದ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ, ತೋಳಗಳಿವೆ. ಮಾಳಢೋಕ ಪಕ್ಷಿಗಾಗಿ ಕಾದಿರಿಸಿದ ಅಭಯಾರಣ್ಯ ಅದು. ಜೋಳದ ಹೊಲಗಳಲ್ಲಿ ಹಾವುಗಳಿವೆ. ಆದರೆ ಸಿಂಹವಾಗಲಿ ಕಾಡಾನೆಯಾಗಲಿ ಇಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಆದರೂ ನಮ್ಮ ಜನರ ಕನಸುಗಳಲ್ಲಿ ಸಿಂಹ ಬರುತ್ತದೆ, ಮದಗಜ ಬರುತ್ತದೆ. ಅವು ಬರುವುದು ಅಡವಿಯಿಂದಲ್ಲ. ಪುರಾಣ ಪ್ರವಚನಗಳಿಂದ, ದೇವಿಯ ವಾಹನದಿಂದ, ಗೋಡೆಯ ಮೇಲಿನ ಪಟಗಳಿಂದ. ಎಂದರೆ ಕನಸಿನ ಮೃಗವು ಬಹುಪಾಲು ಕಥೆ ಕೇಳಿ ಬೆಳೆದ ಮೃಗ. ಆದ್ದರಿಂದಲೇ ಅದರ ಅರ್ಥವಿಚಾರವು ಜೋಯಿಸರದಷ್ಟೇ ಸಾಹಿತ್ಯ ವಿಮರ್ಶೆಯದೂ ಆಗಿದೆ.

ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ವಸ್ತು ಮೊದಲ ತೀರ್ಥಂಕರನಾದ ವೃಷಭನಾಥನ ಚರಿತೆ. ಆತನ ತಾಯಿ ಮರುದೇವಿಯು ಕಾಣುವ ಕನಸುಗಳು ಜೈನಪರಂಪರೆಯಲ್ಲಿ ಪ್ರಸಿದ್ಧ. ದಿಗಂಬರರ ಎಣಿಕೆಯಲ್ಲಿ ಅವು 16, ಶ್ವೇತಾಂಬರರ ಎಣಿಕೆಯಲ್ಲಿ 14. ಆನೆ, ಎತ್ತು, ಸಿಂಹಗಳು ಮೊದಲಿಗೆ ಕಾಣಿಸಿಕೊಳ್ಳುತ್ತವೆ. ಪತಿಯಾದ ನಾಭಿರಾಜನು ಅರ್ಥ ಹೇಳುತ್ತಾನೆ: ಆನೆಯಿಂದ ಉತ್ತಮನಾದ ಮಗ, ಎತ್ತಿನಿಂದ ಲೋಕಕ್ಕೆ ಹಿರಿಯನಾಗುವವನು, ಸಿಂಹದಿಂದ ಅನಂತ ಬಲವುಳ್ಳವನು. ಇಲ್ಲಿ ಯಾವ ಮೃಗವೂ ಬೆನ್ನಟ್ಟುವುದಿಲ್ಲ, ಕೋರೆ ತೋರುವುದಿಲ್ಲ. ತಾಯಾಗಲಿರುವವಳ ಮನಸ್ಸಿಗೆ ಧೈರ್ಯ ತುಂಬುವುದೇ ಆ ಅರ್ಥದ ಕೆಲಸ.

ಇದೇ ಪುರಾಣಕಥೆಯ ಮುಂದಿನ ಭಾಗದಲ್ಲಿ ಚಕ್ರವರ್ತಿ ಭರತನೂ ಕನಸುಗಳನ್ನು ಕಾಣುತ್ತಾನೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಕೃತಿಯಲ್ಲಿ ಇವನ್ನು ವಿವರಿಸಿದ್ದಾರೆ. ಆನೆಯ ಹೊರೆ ಹೊತ್ತು ಬಾಗಿದ ಕುದುರೆ, ಆನೆಯ ಬೆನ್ನೇರಿದ ಕೋತಿ, ಕಾಗೆಗಳ ಕಾಟಕ್ಕೆ ಸಿಕ್ಕ ಗೂಬೆ ಮುಂತಾದುವು ಅಲ್ಲಿವೆ. ಕುದುರೆಯ ಕನಸಿಗೆ ಹೊರಲಾರದ ವ್ರತಭಾರವನ್ನು ಹೊತ್ತ ಮುನಿಗಳೆಂದು ಅರ್ಥ ಹೇಳಿರುವುದು ಇಂದಿಗೂ ಮನಮುಟ್ಟುವ ಮಾತು. ಆದರೆ ಆನೆಯೇರಿದ ಕೋತಿಗೆ, ಮುಂದೆ ಕುಲಹೀನರು ರಾಜ್ಯವಾಳುವರು ಎಂಬ ಅರ್ಥ ಬಂದಿದೆ. ಇಲ್ಲಿ ಮಾತನಾಡುತ್ತಿರುವುದು ಕನಸಲ್ಲ, ಅರ್ಥ ಹೇಳುವವರ ಕಾಲದ ಕುಲಾಭಿಮಾನ. ಸೊನ್ನಲಿಗೆಯ ಸಿದ್ಧರಾಮನ ಊರಿನವರಾದ ನಾವು, ಹುಟ್ಟಿನಿಂದ ಹಿರಿತನವನ್ನು ಅಳೆಯಬಾರದೆಂದು ಶರಣರಿಂದ ಕಲಿತವರು, ಈ ಅರ್ಥವನ್ನು ಒಪ್ಪಲಾರೆವು. ಹಳೆಯ ಗ್ರಂಥದ ಮೇಲಿನ ಗೌರವ ಬೇರೆ, ಅದರ ಪ್ರತಿಯೊಂದು ವ್ಯಾಖ್ಯಾನವನ್ನೂ ತಲೆಯ ಮೇಲೆ ಹೊರುವುದು ಬೇರೆ.

ಚಂದ್ರಗುಪ್ತ ಮೌರ್ಯನ 16 ಕನಸುಗಳ ಐತಿಹ್ಯವು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಹನ್ನೆರಡು ಹೆಡೆಯ ಸರ್ಪವೊಂದು ತನ್ನತ್ತ ಬರುವುದನ್ನು ಅವನು ಕಂಡನಂತೆ. ಶ್ರುತಕೇವಲಿ ಭದ್ರಬಾಹುಗಳು ಅದಕ್ಕೆ ಹನ್ನೆರಡು ವರ್ಷಗಳ ಕ್ಷಾಮವೆಂದು ಅರ್ಥ ಹೇಳಿ, ಸಂಘವನ್ನು ದಕ್ಷಿಣಕ್ಕೆ ನಡೆಸಿದರಂತೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಈ ಗುರುಶಿಷ್ಯರ ಕಥೆಯ ಚಿತ್ರಗಳಿವೆ. ಇದನ್ನು ಇತಿಹಾಸವೆಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಕಥೆಯಾಗಿ ಅದರ ವಿವೇಕ ದೊಡ್ಡದು. ಗುರುಗಳು ಸರ್ಪಶಾಂತಿ ಮಾಡಿಸೆನ್ನಲಿಲ್ಲ, ಬಲಿ ಕೊಡೆನ್ನಲಿಲ್ಲ. ಬರ ಬರುವುದಾದರೆ ಅನ್ನ ನೀರು ದೊರೆಯುವ ಕಡೆಗೆ ಜನರನ್ನು ಕರೆದೊಯ್ಯಬೇಕು ಎಂದರು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಸಿದ್ಧರಾಮನು ಬರದ ನಾಡಿನಲ್ಲಿ ಕೆರೆ ತೋಡಿಸಿದ್ದೂ ಇದೇ ಬಗೆಯ ವಿವೇಕದಿಂದ.

ಇನ್ನು ಜನ್ನನ ಯಶೋಧರ ಚರಿತೆ. 1209ರಲ್ಲಿ ರಚಿತವಾದ ಈ ನಾಲ್ಕು ಅವತಾರಗಳ ಕಿರುಕಾವ್ಯವು ಸ್ವಪ್ನಫಲದ ವಿಷಯದಲ್ಲಿ ಕನ್ನಡವು ಆಡಿದ ಅತ್ಯಂತ ಕಟುವಾದ ಮಾತೆಂದು ನಾವು ತಿಳಿಯುತ್ತೇವೆ. ರಾಣಿ ಅಮೃತಮತಿಯು ಮಾವಟಿಗನಲ್ಲಿಗೆ ಹೋಗುವುದನ್ನು ಅರಸ ಯಶೋಧರನು ಕಾಣುತ್ತಾನೆ. ಕತ್ತಿಗೆ ಕೈಹಾಕಿ ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಕಂಡದ್ದನ್ನು ತಾಯಿ ಚಂದ್ರಮತಿಗೆ ಹೇಳಲಾರದೆ, ಕೆಟ್ಟ ಕನಸು ಕಂಡೆನೆನ್ನುತ್ತಾನೆ. ತಾಯಿ ಆ ಮಾತನ್ನು ಅಪಶಕುನವೆಂದು ನಂಬಿ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ, ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಂದವಾಗುತ್ತದೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಮುಂದೆ ತಾಯಿ ಮಗ ಇಬ್ಬರೂ ರಾಣಿಯಿಟ್ಟ ವಿಷಕ್ಕೆ ತುತ್ತಾಗಿ, ನವಿಲು, ನಾಯಿ, ಮುಳ್ಳುಹಂದಿ, ಹಾವು, ಮೀನು, ಮೊಸಳೆಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕನಸೇ ಆಗಿರದ ಕನಸಿಗೆ ಪರಿಹಾರ ಹುಡುಕಿದವರು ತಾವೇ ಮೃಗಗಳಾದರು! ಜನ್ಮಜನ್ಮಾಂತರದ ನಂಬಿಕೆಯಿಲ್ಲದ ಓದುಗನಿಗೂ ಇದರ ತಿರುಳು ತಿಳಿಯದಿರದು. ಕಾಡುಮೃಗಗಳು ಕನಸಿಗನು ಅಂಜುವ ಒಳಗಿನ ಆವೇಗಗಳ ರೂಪಗಳೆಂದು 1900ರ ಇಸವಿ ಹೊತ್ತ ತನ್ನ ಸ್ವಪ್ನಗ್ರಂಥದಲ್ಲಿ ವಿಯೆನ್ನಾದ ಫ್ರಾಯ್ಡ್ ಬರೆದನು. ಯಶೋಧರನ ಒಳಗಿದ್ದ ಮೃಗ ಅವನ ಕ್ರೋಧ. ಅದನ್ನು ಅವನು ತಾಯಿಯೆದುರು ಹೆಸರಿಸಿದ್ದರೆ ಕೋಳಿಯ ಕೊರಳಿಗೆ ಕತ್ತಿ ಬೀಳುತ್ತಿರಲಿಲ್ಲ. ಹೆಸರಿಸದ ಕ್ರೋಧ ಬೇರೊಂದು ಜೀವದ ಮೇಲೆ ತಿರುಗಿತು. ಆ ಜೀವ ಹಿಟ್ಟಿನದೆಂಬ ಸಮಾಧಾನವನ್ನು ಜನ್ನ ಒಪ್ಪುವುದಿಲ್ಲ. ಕೊಲ್ಲುವ ಸಂಕಲ್ಪವೇ ಕೊಲೆಯೆನ್ನುತ್ತಾನೆ. ಗಿರೀಶ ಕಾರ್ನಾಡರು ಈ ಕಥೆಯಿಂದಲೇ 'ಹಿಟ್ಟಿನ ಹುಂಜ' ನಾಟಕವನ್ನು ರಚಿಸಿದರು.

ಈ ಕಥೆಗೂ ನಮ್ಮ ಊರಿಗೂ ಒಂದು ನಂಟಿದೆ. ಇದೇ ಯಶೋಧರನ ಕಥೆಯನ್ನು ಸೋಮದೇವಸೂರಿಯು 959ರಲ್ಲಿ ಸಂಸ್ಕೃತದ ಯಶಸ್ತಿಲಕ ಚಂಪುವಾಗಿ ಬರೆದನು. ಅದನ್ನು ಕುರಿತ ಕೃಷ್ಣಕಾಂತ ಹಂಡಿಕ್ ಅವರ ಮಹತ್ತ್ವದ ಇಂಗ್ಲಿಷ್ ಅಧ್ಯಯನವು 1949ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಸದಲಗಿಯ ಕನ್ನಡಿಗರಾದ ಡಾ. ಆ.ನೇ. ಉಪಾಧ್ಯೆಯವರು ಆ ಮಾಲೆಯ ಸಂಪಾದಕರಲ್ಲೊಬ್ಬರು. ಜವಳಿ ಗಿರಣಿಗಳ ಊರೆಂದು ಹೆಸರಾದ ಸೊಲ್ಲಾಪುರ ಇಂಥ ವಿದ್ವತ್ತಿಗೂ ನೆಲೆಯಾಗಿತ್ತೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಂದೇ ಮೃಗಕ್ಕೆ ಒಂದೇ ಅರ್ಥವೆಂಬ ಸ್ವಪ್ನಫಲದ ಪಟ್ಟಿ ನಿಲ್ಲುವುದಿಲ್ಲ. ಮರುದೇವಿಯ ಆನೆ ಬೇರೆ, ಭರತನ ಆನೆ ಬೇರೆ. ಅರ್ಥವು ಮೃಗದಲ್ಲಿಲ್ಲ, ಕಂಡವರ ಬಾಳಿನಲ್ಲಿ ಮತ್ತು ಹೇಳುವವರ ಮನಸ್ಸಿನಲ್ಲಿ ಇದೆ. ಆದ್ದರಿಂದ ಕನಸಿನ ಅರ್ಥವನ್ನು ಪರೀಕ್ಷಿಸಲು, ಅದು ನಮ್ಮಿಂದ ಏನನ್ನು ಮಾಡಿಸುತ್ತದೆ ಎಂದು ಕೇಳುವುದೇ ಸರಿಯೆಂದು ನಮಗೆ ತೋರುತ್ತದೆ. ನಾಭಿರಾಜನ ಅರ್ಥ ಧೈರ್ಯ ಕೊಟ್ಟಿತು. ಭದ್ರಬಾಹುಗಳ ಅರ್ಥ ಜನರನ್ನು ಉಳಿಸಿತು. ಚಂದ್ರಮತಿಯ ಅರ್ಥ ಕೊಲ್ಲಿಸಿತು.

ಇದು ಬರಿಯ ಗ್ರಂಥವಿಚಾರವಲ್ಲ. ಕನಸಿನಲ್ಲಿ ಹಾವು ಕಂಡಿತೆಂದು ಮನೆಯ ಸೊಸೆಗೆ ದೋಷ ಹೊರಿಸುವುದು, ಪರಿಹಾರದ ಹೆಸರಿನಲ್ಲಿ ಬಡವರು ಸಾಲ ಮಾಡುವುದು ಇಂದಿಗೂ ನಿಂತಿಲ್ಲ. ನರಬಲಿ, ಮಾಟಗಳ ವಿರುದ್ಧ ಮಹಾರಾಷ್ಟ್ರದಲ್ಲಿ ಕಾಯ್ದೆ ಬಂದದ್ದು 2013ರಲ್ಲಿ. ಮಾರಿದತ್ತನು ಚಂಡಮಾರಿಗೆ ಕೊಡಲೆಂದು ಹಿಡಿತರಿಸಿದ ಇಬ್ಬರು ಎಳೆಯರ ಬಾಯಿಂದ ಜನ್ನನು ತನ್ನ ಕಥೆಯನ್ನು ಹೇಳಿಸಿದ್ದು ಅದಕ್ಕೆ 804 ವರ್ಷಗಳ ಹಿಂದೆ. ಕಥೆ ಕೇಳಿದ ಅರಸನ ಕೈಯಿಂದ ಕತ್ತಿ ಜಾರಿತು. ಕಾಯ್ದೆಗೆ ಸಾಧ್ಯವಾಗದ ಕೆಲಸ ಅದು.

ಮಗುವೊಂದು ಬೆಳಗ್ಗೆ ಎದ್ದು, ಕನಸಿನಲ್ಲಿ ಹುಲಿ ಬಂತೆಂದು ಅತ್ತರೆ, ಹಿರಿಯರು ಪುಸ್ತಕದ ಪಟ್ಟಿ ತೆರೆಯದೆ ಮಗುವನ್ನು ಬಳಿಗೆ ಕರೆದು, ನಿನ್ನೆ ಯಾರು ಬೈದರು, ಯಾವುದಕ್ಕೆ ಅಂಜಿದೆ ಎಂದು ವಿಚಾರಿಸಲಿ. ನಮ್ಮ ಸಂಘವೂ ಬರುವ ವರ್ಷದಲ್ಲಿ ಯಶೋಧರ ಚರಿತೆಯ ವಾಚನ ವ್ಯಾಖ್ಯಾನವನ್ನು ಸೊಲ್ಲಾಪುರದಲ್ಲೊಮ್ಮೆ, ಅಕ್ಕಲಕೋಟದಲ್ಲೊಮ್ಮೆ ಏರ್ಪಡಿಸಲಿ ಎಂದು ನಾವು ವಿನಂತಿಸುತ್ತೇವೆ. ಹೆಣ್ಣುಮಕ್ಕಳೂ ಶಾಲೆಯ ಮಕ್ಕಳೂ ಕೇಳುವಂತೆ ಅದು ಸಂಜೆಯ ಹೊತ್ತಿನಲ್ಲಿ ನಡೆಯಲಿ.