ಪುಣೆಯ ಪೇಠೆಗಳಿಗೆ ಒಂದೇ ಲೆನ್ಸು

ಫೋಟೊ ನೋಡುವಾಗ ಅದರಲ್ಲಿ ಯಾರಿದ್ದಾರೆ, ಏನು ನಡೆದಿದೆ ಎಂದು ಎಲ್ಲರೂ ನೋಡುತ್ತೇವೆ. ರಸಿಕರಾಗಬೇಕೆಂದಿರುವವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ತೆಗೆದವರು ಎಲ್ಲಿ ನಿಂತಿದ್ದರು? ಪುಣೆಯ ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಎಂಬ ಓಣಿಯಿದೆ, ತಾಮ್ರದ ಕೆಲಸದವರ ಓಣಿ. ಪಾತ್ರೆಯ ಮೈಮೇಲೆ ಸುತ್ತಿಗೆಯಿಂದ ಸಾಲುಸಾಲಾಗಿ ಗುಳಿ ಬೀಳಿಸುವ ಅಲ್ಲಿನ ಕಸುಬಿಗೆ ಮಠಾರಕಾಮ್ ಎನ್ನುತ್ತಾರೆ. ಆ ಕೆಲಸದ ಎರಡು ಫೋಟೊ ಕಲ್ಪಿಸಿಕೊಳ್ಳಿ. ಒಂದರಲ್ಲಿ ಕಸುಬುದಾರರ ಮುಖ, ಎತ್ತಿದ ಸುತ್ತಿಗೆ, ಇಷ್ಟು ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಇನ್ನೊಂದರಲ್ಲಿ ಮಡಿಸಿದ ಮೊಣಕಾಲು, ಹಂಡೆ, ಗೋಡೆಗೆ ಒರಗಿಸಿದ ತಾಮ್ರದ ತಗಡು, ಬಾಗಿಲಾಚೆ ನಿಂತ ಸ್ಕೂಟರು ಎಲ್ಲವೂ ಇವೆ. ಮೊದಲನೆಯದನ್ನು ತೆಗೆದವರು ಓಣಿಯ ಆಚೆ ಬದಿಯಲ್ಲಿದ್ದರು. ಎರಡನೆಯವರು ಕೇಳಿಕೊಂಡು ಹೊಸ್ತಿಲು ದಾಟಿ ಪಕ್ಕದಲ್ಲಿ ಕೂತಿದ್ದರು.

ದಿನವೂ ಜೊತೆಗೊಯ್ಯುವ ಲೆನ್ಸನ್ನು ಆರಿಸುವುದೆಂದರೆ ಈ ದೂರವನ್ನು ಆರಿಸುವುದು. ಜನರಿಂದ ಎಷ್ಟು ದೂರ ನಿಂತರೆ ನಮಗೂ ಅವರಿಗೂ ಸಹಜ ಎಂಬುದು ತಿಳಿದರೆ ಲೆನ್ಸು ತಾನಾಗಿ ಗೊತ್ತಾಗುತ್ತದೆ. ಹಿಂದೂಸ್ತಾನಿ ಗಾಯಕರು ಕರಿ ಒಂದೋ ಬಿಳಿ ಎರಡೋ ಎಂದು ತಮ್ಮ ಶ್ರುತಿ ಕಂಡುಕೊಂಡ ಮೇಲೆ ರಾಗರಾಗಕ್ಕೂ ಅದನ್ನು ಬದಲಿಸುತ್ತ ಹೋಗುವುದಿಲ್ಲ. ಲೆನ್ಸಿನ ವಿಷಯದಲ್ಲೂ ಅಂಥ ಸ್ಥಿರತೆಯಿಂದಲೇ ಕಣ್ಣು ಪಳಗುತ್ತದೆ.

ಕನ್ನಡಿಗರಿಗೆ ಈ ಮಾತು ಕೊಂಚ ಹೊಸದು ಅನಿಸಬಹುದು. ನಮ್ಮಲ್ಲಿ ಬಹಳ ಜನಕ್ಕೆ ಫೋಟೊಗ್ರಫಿಯ ರುಚಿ ಹತ್ತಿದ್ದೇ ಕಾಡಿನಿಂದ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳು, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳು ನಮ್ಮ ಕಣ್ಣನ್ನು ತಿದ್ದಿವೆ. ಹಕ್ಕಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಉದ್ದನೆಯ ಟೆಲಿ ಲೆನ್ಸೇ ನಿಜವಾದ ಲೆನ್ಸು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇನ್ನೊಂದು ದಾರಿಯನ್ನೂ ತೋರಿಸಿದ್ದರು. ಡೆಕ್ಕನ್ ಹೆರಾಲ್ಡಿಗೂ ಯುನಿಸೆಫಿಗೂ ಕೆಲಸ ಮಾಡಿದ ಅವರ ಚಿತ್ರಗಳಲ್ಲಿನ ಮಕ್ಕಳನ್ನು, ಮುದುಕರನ್ನು ದೂರದಿಂದ ಕದ್ದು ತೆಗೆದಂತೆ ಕಾಣುವುದಿಲ್ಲ. ಛಾಯಾಗ್ರಾಹಕರು ಅವರ ನಡುವೆಯೇ ಇದ್ದರು ಎಂದು ನೋಡುವವರಿಗೆ ತಿಳಿಯುತ್ತದೆ. ಪೇಠೆಯಲ್ಲಿ ನಡೆಯುವವರಿಗೆ ಬೇಕಾದ ಪಾಠ ಇದು.

ಇನ್ನು ಅಂಕಿಗಳ ಕಡೆ ಬರೋಣ. ಲೆನ್ಸಿನ ಮೇಲೆ ಬರೆದಿರುವ 28, 35, 50, 85 ಇವು ಮಿಲಿಮೀಟರಿನಲ್ಲಿ ಅದರ ಫೋಕಲ್ ಲೆಂತ್. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಇದರಿಂದ 35ರ ಲೆನ್ಸಿಗೆ ಒಂದು ಚೆಂದದ ಲೆಕ್ಕ ಸಿಗುತ್ತದೆ: ಎಷ್ಟು ದೂರದಲ್ಲಿ ನಿಂತಿದ್ದೀರೋ ಹೆಚ್ಚುಕಡಿಮೆ ಅಷ್ಟೇ ಅಗಲ ಫ್ರೇಮಿನೊಳಗೆ ಬರುತ್ತದೆ. ಮೂರು ಮೀಟರು ದೂರಕ್ಕೆ ಮೂರು ಮೀಟರು ಅಗಲ. ಅದೇ ಜಾಗದಲ್ಲಿ ನಿಂತು 50 ಹಾಕಿದರೆ ಸುಮಾರು 2.2 ಮೀಟರು, 85 ಹಾಕಿದರೆ 1.3 ಮೀಟರು, 28 ಹಾಕಿದರೆ 3.9 ಮೀಟರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಯ ಮುಂದೆ ಸುಮ್ಮನೆ ನಿಂತು ಅಂದಾಜು ಮಾಡಿ. ಕ್ಯಾಮೆರಾ ಎತ್ತುವ ಮೊದಲೇ ಫ್ರೇಮು ಕಾಣತೊಡಗುತ್ತದೆ. ಒಂದೇ ಲೆನ್ಸಿನ ಜೊತೆ ಬಹುಕಾಲ ಇದ್ದವರಿಗೆ ದೊರೆಯುವ ದೊಡ್ಡ ಲಾಭ ಅದು.

ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಇದ್ದರೆ ಈ ಅಂಕಿಯನ್ನು 1.5ರಿಂದ (ಕ್ಯಾನನ್ ಆದರೆ 1.6ರಿಂದ) ಗುಣಿಸಿಕೊಳ್ಳಿ. ಅಲ್ಲಿ 35ರ ಲೆನ್ಸು 50ರಂತೆ ನೋಡುತ್ತದೆ. 35ರ ನೋಟ ಬೇಕೆಂದರೆ 23 ಅಥವಾ 24 ಕೊಳ್ಳಬೇಕು. ಹೊಸಬರು ಇಲ್ಲಿ ತುಂಬ ಎಡವುತ್ತಾರೆ. ಎಲ್ಲರೂ ಹೊಗಳುವ ‘50’ ತಂದು ಎಪಿಎಸ್-ಸಿ ಕ್ಯಾಮೆರಾಕ್ಕೆ ಹಾಕಿದರೆ ಅದು 75–80ರ ಲೆನ್ಸಾಗಿಬಿಡುತ್ತದೆ, ಆಗ ಮನೆಯೊಳಗೆ ಒಂದು ಗುಂಪು ಹಿಡಿಸುವುದಕ್ಕೂ ಗೋಡೆ ಅಡ್ಡ ಬರುತ್ತದೆ. ಸಿನಿಮಾಕ್ಕೂ ಇದೇ ಲೆಕ್ಕ. ಗಿರೀಶ್ ಕಾಸರವಳ್ಳಿ ಓದಿದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರಿಗೆ ಜಪಾನಿನ ನಿರ್ದೇಶಕ ಯಾಸುಜಿರೊ ಓಜು ಅಪರಿಚಿತರಲ್ಲ. ಓಜು ತಮ್ಮ ಚಿತ್ರಗಳನ್ನು ಬಹುಪಾಲು 50ರ ಲೆನ್ಸೊಂದರಿಂದಲೇ ತೆಗೆದರು. ಆದರೆ ಸಿನಿಮಾ ಫಿಲ್ಮಿನ ಫ್ರೇಮು ಸುಮಾರು 22 ಮಿ.ಮೀ. ಅಗಲದ್ದು, ಆದ್ದರಿಂದ ಅವರ 50 ನಮ್ಮ ಫುಲ್ ಫ್ರೇಮಿನ 80ರ ಹತ್ತಿರದ ನೋಟ. ಚಾಪೆಯ ಮೇಲೆ ಕೂತ ಒಂದು ಕುಟುಂಬವನ್ನು ಅವರು ಎಷ್ಟು ಹಿಂದೆ ಸರಿದು, ಎಷ್ಟು ತಾಳ್ಮೆಯಿಂದ ನೋಡಿದ್ದಾರೆ ಎಂಬುದು ಈ ಲೆಕ್ಕ ತಿಳಿದ ಮೇಲೆ ಇನ್ನಷ್ಟು ಅರ್ಥವಾಗುತ್ತದೆ.

28 ಹೇಗೆ ಎಂದು ಕೇಳುವವರಿದ್ದಾರೆ. ಜೇಬಿನಲ್ಲಿರುವ ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24–26ರ ನೋಟದ್ದು. ಆ ಅಗಲ ಈಗಾಗಲೇ ನಿಮ್ಮ ಬಳಿ ಇದೆ. ಬೇರೊಂದು ಕ್ಯಾಮೆರಾ ಹೊತ್ತು ನಡೆಯುವುದಾದರೆ ಮೊಬೈಲು ಕೊಡದಿರುವುದನ್ನು ಅದು ಕೊಡಲಿ. ಅಲ್ಲದೆ ಅಗಲದ ಲೆನ್ಸಿನಲ್ಲಿ ಮುಖ ತುಂಬಿಸಲು ಅರ್ಧ ಮೀಟರಿಗೆ ಹೋಗಬೇಕು. ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿ, ಕಿವಿ ಸಣ್ಣದಾಗಿ ಕಾಣುತ್ತದೆ. ದೂಷಿಸಬೇಕಾದ್ದು ಗಾಜನ್ನು ಅಲ್ಲ, ಆ ಅತಿ ಸಮೀಪವನ್ನು.

85 ನಮ್ಮನ್ನು ಓಣಿಯ ಆಚೆ ಬದಿಗೇ ನಿಲ್ಲಿಸುತ್ತದೆ. ಉಳಿದದ್ದು 35 ಮತ್ತು 50. ಇವೆರಡರ ನಡುವಿನ ಆಯ್ಕೆಗೆ ಊರೇ ಉತ್ತರ ಕೊಡಬೇಕು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾಕ್ಕೆ ಇದ್ದದ್ದು 50ರ ಲೆನ್ಸು. ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಬದುಕಿನ ಬಹುಭಾಗ ಅದೇ ಅಳತೆಯಲ್ಲಿ ನೋಡಿದರು. ಗದಗ-ಧಾರವಾಡದ ಬಯಲಿನಲ್ಲಿ, ಅಗಲದ ಅಂಗಳವಿರುವ ಊರುಗಳಲ್ಲಿ ನಾನೂ 50 ಎನ್ನುತ್ತೇನೆ. ಪುಣೆಯ ಹಳೆಯ ಪೇಠೆಗಳಲ್ಲಿ ಮಾತ್ರ ಹಿಂದೆ ಸರಿಯಲು ಜಾಗವಿಲ್ಲ. ತುಳಶೀಬಾಗಿನ ಓಣಿಯಲ್ಲಿ ಬಳೆ, ಕುಂಕುಮದ ಬಟ್ಟಲು, ಪುಟ್ಟ ಹಿತ್ತಾಳೆ ದೇವರುಗಳ ಮುಂದೆ ಹೆಂಗಸರು ಚೌಕಾಸಿ ಮಾಡುತ್ತಿರುತ್ತಾರೆ. ಮಾರುವವರ ಕೈ, ಕೊಳ್ಳುವವರ ಕಣ್ಣು ಎರಡೂ ಒಂದೇ ಫ್ರೇಮಿಗೆ ಬೇಕು. 50 ಹಿಡಿದು ಒಂದು ಹೆಜ್ಜೆ ಹಿಂದಿಟ್ಟರೆ ಇನ್ನೊಬ್ಬರ ಅಂಗಡಿಯೊಳಗೆ ಬೆನ್ನು. ಆದ್ದರಿಂದ ಪುಣೆಗೆ ನನ್ನ ಆಯ್ಕೆ 35, ಎರಡನೆಯ ಯೋಚನೆಯಿಲ್ಲದೆ. ಜನರ ಗುಂಪಿಗಿಂತ ಒಂಟಿ ಮುಖಗಳಲ್ಲೇ ಮನಸ್ಸು ನಿಲ್ಲುವವರಾದರೆ 50 ತೆಗೆದುಕೊಳ್ಳಿ. ಅದೂ ಸರಿಯಾದ ದೂರವೇ.

ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಖಿಗಳು ಪಂಢರಪುರಕ್ಕೆ ಹೊರಟು ಜೂನ್-ಜುಲೈ ಹೊತ್ತಿಗೆ ಪುಣೆಯಲ್ಲಿ ತಂಗುವ ದಿನಗಳು ಈ ಲೆನ್ಸಿಗೆ ನಿಜವಾದ ಹಬ್ಬ. ತಲೆಯ ಮೇಲೆ ತುಳಸಿ ಹೊತ್ತ ಅಜ್ಜಿಯರು, ತಾಳ ಹಿಡಿದ ವಾರಕರಿಗಳು ನಿಮ್ಮ ಮೈಗೆ ತಾಗಿಕೊಂಡೇ ಸಾಗುತ್ತಾರೆ. ಆಟೊಫೋಕಸ್ ಯಾರದೋ ಟೋಪಿಗೆ ಅಂಟಿಕೊಳ್ಳುವ ಗದ್ದಲದಲ್ಲಿ ಅದನ್ನು ಆಫ್ ಮಾಡಿಬಿಡಿ. ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಫೋಕಸನ್ನು ಎರಡೂವರೆ ಮೀಟರಿಗೆ ನಿಲ್ಲಿಸಿ. ಫುಲ್ ಫ್ರೇಮಿನ 35ರಲ್ಲಿ ಸುಮಾರು 1.7 ಮೀಟರಿನಿಂದ 5 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಇನ್ನು ನೀವು ನೋಡಬೇಕಾದ್ದು ಜನರನ್ನಷ್ಟೇ. ಜ್ಞಾನೇಶ್ವರರು ವಿಠಲನನ್ನು ಕನ್ನಡದವನೆಂದು ಹಾಡಿದ್ದಾರೆ. ಆ ಕಾರಣಕ್ಕೋ ಏನೋ, ಆ ನಡಿಗೆಯ ಅಂಚಿನಲ್ಲಿ ನಿಂತಾಗ ಕನ್ನಡ ಮಾತಾಡುವವರಿಗೆ ಪರವೂರಿನ ಸಂಕೋಚ ಹತ್ತಿರ ಸುಳಿಯುವುದಿಲ್ಲ.

ಇನ್ನೊಂದು ಅಂಕಿ ಅಪರ್ಚರಿನದು, ಅಂದರೆ ಬೆಳಕಿನ ಕಿಂಡಿ ಎಷ್ಟು ತೆರೆಯುತ್ತದೆ ಎಂಬುದು. 1886ರಲ್ಲಿ ಕಟ್ಟಿದ, ಈಗ ಮಹಾತ್ಮಾ ಫುಲೆ ಮಂಡಯಿ ಎನ್ನುವ ಕಲ್ಲಿನ ತರಕಾರಿ ಮಾರುಕಟ್ಟೆಯೊಳಗೆ ನಡುಹಗಲಲ್ಲೂ ತರಕಾರಿ ರಾಶಿಯ ಹಿಂದೆ ಕತ್ತಲಿರುತ್ತದೆ. ಕ್ಯಾಮೆರಾದ ಜೊತೆ ಬರುವ 18–55ರ ಕಿಟ್ ಲೆನ್ಸು ಉದ್ದದ ತುದಿಯಲ್ಲಿ ಎಫ್ 5.6ರವರೆಗೆ ಮಾತ್ರ ತೆರೆಯುತ್ತದೆ. ಎಫ್ 1.8ರ ಲೆನ್ಸು ಅದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. ಎಫ್ 1.8ರಲ್ಲಿ ಸೆನ್ಸರಿನ ಸಂವೇದನೆ, ಅಂದರೆ ಐಎಸ್‌ಒ, 800 ಸಾಕಾದರೆ ಕಿಟ್ ಲೆನ್ಸಿನಲ್ಲಿ 8000 ಬೇಕು. ಆದರೆ ಕಿಂಡಿಯನ್ನು ಯಾವಾಗಲೂ ಪೂರ್ತಿ ತೆರೆದಿಟ್ಟು ಹಿಂದಿನದನ್ನೆಲ್ಲ ಮಸುಕು ಮಾಡುವ ಚಟ ನನಗೆ ಒಪ್ಪಿಗೆಯಿಲ್ಲ. ಬೆಂಡೆಕಾಯಿ ತೂಗುವ ಅಜ್ಜಿಯ ಹಿಂದಿನ ಕಮಾನು ಕರಗಿಹೋದರೆ ಅವರು ಯಾವ ಊರಿನವರೆಂದು ಹೇಳುವುದು ಏನು ಉಳಿಯಿತು? ಬೆಳಕು ಸಾಲದಾಗ ತೆರೆಯಿರಿ, ಸಾಕಷ್ಟಿದ್ದಾಗ ಎಫ್ 5.6ಕ್ಕೋ 8ಕ್ಕೋ ಮುಚ್ಚಿ.

ಕೊಳ್ಳುವ ಮೊದಲು ನಿಮ್ಮ ದೂರವನ್ನು ಪುಕ್ಕಟೆಯಾಗಿ ಪತ್ತೆಹಚ್ಚಬಹುದು. ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ನಿಮಗೆ ನಿಜವಾಗಿ ಇಷ್ಟವಾದವುಗಳ ವಿವರ ನೋಡಿ. ಪ್ರತಿಯೊಂದರಲ್ಲೂ ಫೋಕಲ್ ಲೆಂತ್ ದಾಖಲಾಗಿರುತ್ತದೆ. ಯಾವ ಅಂಕಿಯ ಸುತ್ತ ಗುಂಪುಗೂಡಿವೆ ಎಂದು ತಿಳಿದ ಮೇಲೆ ಕಿಟ್ ಲೆನ್ಸಿನ ಝೂಮ್ ಉಂಗುರವನ್ನು ಅಲ್ಲಿಗೇ ನಿಲ್ಲಿಸಿ ಟೇಪು ಸುತ್ತಿ ಕೆಲವು ವಾರ ತಿರುಗಾಡಿ. ಕೈ ಮತ್ತೆಮತ್ತೆ ಟೇಪಿನತ್ತ ಹೋಗುತ್ತಿದ್ದರೆ ಅದು ನಿಮ್ಮ ಅಂಕಿಯಲ್ಲ. ಕೈ ಬಿಟ್ಟು ಕಾಲು ಚಲಿಸತೊಡಗಿದರೆ ಧೈರ್ಯವಾಗಿ ಕೊಳ್ಳಿ. ತೂಕವನ್ನೂ ನೋಡಿ: ಕ್ಯಾನನ್‌ನ 50 ಎಫ್ 1.8 ಎಸ್‌ಟಿಎಂ ಸುಮಾರು 160 ಗ್ರಾಂ, ಎಪಿಎಸ್-ಸಿಗೆ ಮಾಡಿದ ನಿಕಾನ್‌ನ 35 ಎಫ್ 1.8 ಸುಮಾರು 200 ಗ್ರಾಂ. ಹೆಗಲಿಗೆ ಭಾರವಾದದ್ದು ಎಷ್ಟೇ ಶ್ರೇಷ್ಠವಾದರೂ ಎರಡನೇ ವಾರಕ್ಕೆ ಕಪಾಟಿನಲ್ಲಿ ಉಳಿಯುತ್ತದೆ.

ಒಂದೇ ಲೆನ್ಸು ಯಾಕೆ, ಚೀಲದಲ್ಲಿ ಇನ್ನೊಂದಿದ್ದರೆ ನಷ್ಟವೇನು ಎನ್ನುವವರು ಪುಣೆ ಹತ್ತಿರದ ಜೇಜುರಿಯ ದೇವಸ್ಥಾನಕ್ಕೆ ಹೋಗಿ ಬನ್ನಿ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಭಕ್ತರು ಎರಚುವ ಭಂಡಾರದಿಂದ ಮೆಟ್ಟಿಲು, ಗೋಡೆ, ಗಾಳಿ ಎಲ್ಲ ಹಳದಿ. ಅಲ್ಲಿ ಲೆನ್ಸು ಬಿಚ್ಚಿದರೆ ಅರಿಶಿನ ನೇರ ಸೆನ್ಸರಿನ ಮೇಲೆ. ಮನೆಯಲ್ಲೇ ಲೆನ್ಸು ತೊಡಿಸಿ, ಮುಂದೆ ಫಿಲ್ಟರು ಹಾಕಿ ಹೋಗಬೇಕು. ಕ್ಯಾಮೆರಾ ಮನೆಗೆ ಬಂದು, ಹೊರಮೈ ಒರೆಸಿ ಆದ ಮೇಲೆಯೇ ಬಿಚ್ಚಬೇಕು.

35ಕ್ಕೆ ಎಟುಕದ ಜಾಗಗಳೂ ಇವೆ. ಗುರು ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಸಂಗೀತೋತ್ಸವ ಪುಣೆಯಲ್ಲಿ ಪ್ರತಿ ಡಿಸೆಂಬರಿಗೆ ನಡೆಯುತ್ತದೆ. ಸಭಿಕರ ಸಾಲಿನಿಂದ 35ರಲ್ಲಿ ಗಾಯಕರು ಹೆಬ್ಬೆರಳಿನಷ್ಟೂ ಕಾಣುವುದಿಲ್ಲ. ಅವರ ಮುಖ ಬೇಕೆಂದರೆ 85, 135 ಬೇಕು, ವೇದಿಕೆಯ ಹತ್ತಿರ ಹೋಗಲು ಅನುಮತಿಯೂ ಬೇಕು. ನನಗೆ ಅಲ್ಲಿಯ ಕೇಳುಗರು ಇನ್ನೂ ಪ್ರಿಯ: ತೊಡೆಯ ಮೇಲೆ ತಾಳ ಹಾಕುವ ಅಜ್ಜ, ಸಮಕ್ಕೆ ಬಂದಾಗ ಒಟ್ಟಿಗೇ ತಲೆಯಾಡಿಸುವ ಒಂದು ಸಾಲು. ಅವರು ಕೂತಿರುವುದು 35ರ ದೂರದಲ್ಲೇ. ವಿರಾಮದಲ್ಲಿ ಮಾತಾಡಿಸಿ, ಒಪ್ಪಿದರೆ ತೆಗೆಯಿರಿ. ಆಲಾಪದ ನಡುವೆ ಶಟರಿನ ಸದ್ದು ಬೇಡ.

ಹಣ ಕಡಿಮೆಯಿದ್ದರೆ ಹಳೆಯ ಲೆನ್ಸೂ ಆದೀತು. ಬುಧವಾರ ಮತ್ತು ಭಾನುವಾರ ಸೇರುವ ಪುಣೆಯ ಜೂನಾ ಬಜಾರಿನಲ್ಲಿ ಕಬ್ಬಿಣದ ಸಾಮಾನಿನ ನಡುವೆ ಕೆಲವೊಮ್ಮೆ ಕ್ಯಾಮೆರಾ, ಲೆನ್ಸುಗಳೂ ಕಣ್ಣಿಗೆ ಬೀಳುತ್ತವೆ. ಕೊಳ್ಳುವ ಮೊದಲು ಕಿಂಡಿ ಪೂರ್ತಿ ತೆರೆದು ಹಿಂಬದಿಯಿಂದ ಮೊಬೈಲಿನ ಟಾರ್ಚು ಹಾಯಿಸಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಅದು ಚಿತ್ರದಲ್ಲಿ ಕಾಣುವುದಿಲ್ಲ. ಕವಲೊಡೆದ ತೆಳು ಎಳೆಗಳು ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಇಳಿಸಿದರೂ ಬೇಡ. ಫೋಕಸ್ ಉಂಗುರ ಒಂದೇ ಸಮನೆ ತಿರುಗಬೇಕು, ಅಪರ್ಚರಿನ ಎಲೆಗಳ ಮೇಲೆ ಎಣ್ಣೆ ಪಸೆ ಇರಬಾರದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಪುಣೆಯ ತೇವದಲ್ಲಿ ಹೊಸ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಅದರ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ. ದಿನವೂ ಹೊರಗೆ ತೆಗೆದು ಬಳಸುವ ಲೆನ್ಸಿಗೆ ಈ ಕಾಟ ಬಹಳ ಕಡಿಮೆ.